ಕಿರ್ಮಾನಿ ‘ಬರೀ ಕೀಪರ್’ ಆಗಿರಲಿಲ್ಲ

ಭಾರತದ ಮಾಜಿ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿಗೆ ಬ್ಯಾಟಿಂಗೇ ಬರುತ್ತಿರಲಿಲ್ಲ, 1983ರ ವಿಶ್ವಕಪ್‌ನಲ್ಲಿ ಕಪಿಲ್ ದೇವ್ 175 ಹೊಡೆದಾಗ ಆ ಕಡೆ ಸುಮ್ನೆ ನಿಂತಿದ್ದರು ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಅವರು ಕ್ರೀಸಿಗೆ ಬಂದಾಗ ಭಾರತ 8 ವಿಕೆಟಿಗೆ 140. ಇನ್ನೊಂದು ತಪ್ಪು ಹೊಡೆತವಾಗಿದ್ದರೆ ಕಪಿಲ್ ಜೊತೆ ಉಳಿಯುತ್ತಿದ್ದದ್ದು ಕೊನೆಯ ಆಟಗಾರ ಮಾತ್ರ. ಕಿರ್ಮಾನಿ ಔಟಾಗಲಿಲ್ಲ. ಇಬ್ಬರೂ ಮುರಿಯದ 126 ರನ್ ಸೇರಿಸಿದರು. ಅದರಲ್ಲಿ ಕಿರ್ಮಾನಿಯದು 24. ಸ್ಕೋರು 266ಕ್ಕೆ ಏರಿತು, ಭಾರತ ಗೆದ್ದದ್ದು 31 ರನ್‌ಗಳಿಂದ. ಆ 24 ಇಲ್ಲದೆ 175 ಹೇಗೆ ಆಗುತ್ತಿತ್ತು, ಹೇಳಿ?

ಟೆಸ್ಟ್‌ನಲ್ಲೂ ಅವರದು ಎರಡು ಶತಕ. 1979ರಲ್ಲಿ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನೈಟ್ ವಾಚ್‌ಮನ್ ಆಗಿ ಇಳಿದು ಅಜೇಯ 101 ಹೊಡೆದರು. ದಿನದ ಕೊನೆಯಲ್ಲಿ ವಿಕೆಟ್ ಉಳಿಸಿಕೊಳ್ಳಲು ಕಳಿಸಿದವರು ಶತಕ ಹೊಡೆಯುವುದು ಇವತ್ತಿಗೂ ಅಪರೂಪ. 1984ರಲ್ಲಿ ಅದೇ ಊರಲ್ಲಿ ಇಂಗ್ಲೆಂಡ್ ವಿರುದ್ಧ 102. ಒಟ್ಟು 88 ಟೆಸ್ಟ್, 2,759 ರನ್, ಕೀಪರ್ ಆಗಿ ಔಟ್ ಮಾಡಿದ್ದು, ಅಂದರೆ ಬಲಿ, 198. ಆ ಬಲಿಗಳಲ್ಲಿ 38 ಸ್ಟಂಪಿಂಗ್.

ಕೀಪಿಂಗ್ ಬಗ್ಗೆ ಯಾರಿಗೂ ತಕರಾರಿಲ್ಲ ಬಿಡಿ. ಸ್ಪಿನ್ ಬೌಲರ್ ಚಂದ್ರಶೇಖರ್ ಎಸೆತ ಯಾವ ಕಡೆ ತಿರುಗುತ್ತದೆಂದು ಬ್ಯಾಟ್ಸ್‌ಮನ್‌ಗಳಿಗೇ ತಿಳಿಯುತ್ತಿರಲಿಲ್ಲ. ಅಂಥವರಿಗೆ ಕರ್ನಾಟಕಕ್ಕೂ ಭಾರತಕ್ಕೂ ಕೀಪಿಂಗ್ ಮಾಡಿದವರು ಇವರು. 1983ರ ವಿಶ್ವಕಪ್‌ನಲ್ಲಿ ಅತ್ಯುತ್ತಮ ವಿಕೆಟ್ ಕೀಪರ್ ಗೌರವವೂ ಸಿಕ್ಕಿತು. ಆ ಸಂದೇಶ ನಿಮಗೂ ಬಂದಿದ್ದರೆ, ದಯವಿಟ್ಟು ಮುಂದಕ್ಕೆ ಕಳಿಸಬೇಡಿ.