ಕ್ಷಮೆ ಕೇಳಿದ ದೇಶ, ಕಾನೂನು ತಿದ್ದಿದ ದೇಶ

ಯುದ್ಧ ಬಂದಾಗ ಸರ್ಕಾರಕ್ಕೆ ಜಾಸ್ತಿ ಅಧಿಕಾರ ಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಬಂದರು ಕಾಯಬೇಕು, ಗೂಢಚಾರರನ್ನು ಹಿಡಿಯಬೇಕು, ಸುಮ್ನೆ ಕೂರೋಕಾಗಲ್ಲ. ಆದರೆ ಆ ಅಧಿಕಾರ ಯಾರ ಮೇಲೆ ಬಿತ್ತು, ಆಮೇಲೆ ವಾಪಸ್ ಬಂತಾ ಅಂತ ಕೇಳಿದರೆ ನಾನು ಹುಟ್ಟಿದ ದೇಶವೂ, ಈಗ ದುಡಿಯುತ್ತಿರುವ ದೇಶವೂ ಅರ್ಧರ್ಧ ಕೆಲಸ ಮಾಡಿ ಬಿಟ್ಟಿವೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಸ್ಯಾನ್ ಬ್ರೂನೋ ರೈಲು ನಿಲ್ದಾಣದ ಹೊರಗೆ ಇಬ್ಬರು ಪುಟ್ಟ ಹುಡುಗಿಯರ ಕಂಚಿನ ಪ್ರತಿಮೆ ಇದೆ. ಮೈಮೇಲೆ ಕೋಟು, ಕೋಟಿಗೆ ಲಗೇಜಿಗೆ ಕಟ್ಟುವಂಥ ಚೀಟಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಜಪಾನ್ ವಿರುದ್ಧ ಕಾದಾಡುತ್ತಿದ್ದ 1942ರಲ್ಲಿ ಈ ಜಾಗ ಟ್ಯಾನ್‌ಫೊರಾನ್ ಎಂಬ ಕುದುರೆ ರೇಸ್ ಮೈದಾನವಾಗಿತ್ತು. ಸುಮಾರು 8,000 ಜಪಾನಿ ಮೂಲದವರನ್ನು ತಂದು ಇಲ್ಲಿಟ್ಟರು. ಎಷ್ಟೋ ಸಂಸಾರಗಳಿಗೆ ಸಿಕ್ಕಿದ್ದು ಕುದುರೆ ಲಾಯ. ಗೋಡೆಗೆ ಅವಸರದಲ್ಲಿ ಸುಣ್ಣ ಬಳಿದಿದ್ದರು, ವಾಸನೆ ಮಾತ್ರ ಹೋಗಿರಲಿಲ್ಲ. ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ ತರಬಹುದಿತ್ತು. ಅಂಗಡಿ, ತೋಟ, ಮನೆ ಎಲ್ಲ ಸಿಕ್ಕಿದ ಬೆಲೆಗೆ ಮಾರಿ ಬಂದವರು ಅವರು.

ಇದಕ್ಕೆಲ್ಲ ಆಧಾರ ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿ 19ರಂದು ಸಹಿ ಹಾಕಿದ 9066ನೇ ಆದೇಶ. ಓದಿದರೆ ಅದರಲ್ಲಿ ಜಪಾನಿಯರ ಹೆಸರೇ ಇಲ್ಲ. ಸೇನಾಧಿಕಾರಿ ಯಾವ ಪ್ರದೇಶದಿಂದ ಯಾರನ್ನು ಬೇಕಾದರೂ ಹೊರಗೆ ಹಾಕಬಹುದು, ಅಷ್ಟೇ. ಹೊರಬಿದ್ದವರು ಸುಮಾರು 1,20,000 ಜನ. ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ! ಅವರ ಅಪ್ಪ ಅಮ್ಮಂದಿರು ವಿದೇಶಿಯರಾಗಿ ಉಳಿದಿದ್ದು ಪೌರತ್ವ ಕೊಡಲು ಕಾನೂನೇ ಒಪ್ಪದ ಕಾರಣಕ್ಕೆ. ಅದೇ ಕಾನೂನು 1923ರಲ್ಲಿ ನಮ್ಮ ಪಂಜಾಬಿನಿಂದ ವಲಸೆ ಬಂದಿದ್ದ ಭಗತ್ ಸಿಂಗ್ ಥಿಂಡ್‌ಗೂ ಬಾಗಿಲು ಮುಚ್ಚಿತ್ತು. ಭಾರತೀಯರಿಗೆ ಅದು ತೆರೆದಿದ್ದು 1946ರಲ್ಲಿ. ಇನ್ನೂ ವಿಚಿತ್ರ ಅಂದರೆ ಜಪಾನ್ ಬಾಂಬ್ ಹಾಕಿದ್ದು ಹವಾಯಿಯ ಮೇಲೆ. ಅಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಜಪಾನಿ ಮೂಲದವರು. ಅಷ್ಟು ಜನರನ್ನು ಒಳಗೆ ಹಾಕಿದರೆ ದುಡಿಯೋರು ಯಾರು? ಅಲ್ಲಿ ಸೇನಾಡಳಿತ ಬಂತು, ಆದರೆ ಹೀಗೆ ಸಾರಾಸಗಟಾಗಿ ಒಯ್ಯಲಿಲ್ಲ. ಹಾಗಾದರೆ ಕ್ಯಾಲಿಫೋರ್ನಿಯಾದಲ್ಲಿ ಭದ್ರತೆ ಅಂದಿದ್ದು ಎಷ್ಟು ಪಾಲು ಭದ್ರತೆ?

1988ರಲ್ಲಿ ಅಮೆರಿಕ ಕ್ಷಮೆ ಕೇಳಿತು. ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಜನಾಂಗದ್ವೇಷ, ಯುದ್ಧದ ಗಾಬರಿ, ನಾಯಕರ ಸೋಲು, ಇವೇ ಕಾರಣ ಅಂತ ಕಾನೂನಿನಲ್ಲೇ ಬರೆಯಿತು. ದೊಡ್ಡ ಮಾತು, ಒಪ್ಪೋಣ. ಆದರೆ ಶತ್ರುದೇಶದ ಪ್ರಜೆಗಳನ್ನು ಹಿಡಿದು ಸಾಗಹಾಕುವ 1798ರ ಕಾಯ್ದೆಯನ್ನು ಮುಟ್ಟಲಿಲ್ಲ. 2025ರ ಮಾರ್ಚ್‌ನಲ್ಲಿ, ಘೋಷಿತ ಯುದ್ಧವೇ ಇಲ್ಲದಾಗ, ಅದನ್ನೇ ಕಪಾಟಿನಿಂದ ತೆಗೆದು ವೆನೆಜುವೆಲಾದವರನ್ನು ಎಲ್ ಸಾಲ್ವಡಾರ್ ಜೈಲಿಗೆ ಕಳಿಸಿದರು. ಮುಂಚೆ ನೋಟಿಸ್ ಕೊಡಿ, ಪ್ರಶ್ನಿಸಲು ಅವಕಾಶ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಏಪ್ರಿಲ್‌ನಲ್ಲಿ. ಗ್ರೀನ್ ಕಾರ್ಡ್ ಇದ್ದರೂ ಈ ಕಾಯ್ದೆಯ ಮುಂದೆ ನೀವು ಇನ್ನೊಂದು ದೇಶದ ಪ್ರಜೆಯೇ. ನಮ್ಮ ಕನ್ನಡ ಕೂಟದಲ್ಲಿ ಇದನ್ನು ಹೇಳಿದರೆ "ಅದೆಲ್ಲ ನಮಗಲ್ಲ ಬಿಡ್ರಿ" ಅನ್ನುತ್ತಾರೆ.

ಊರಿನ ಕಡೆ ನೋಡಿದರೆ ಕಥೆ ತಿರುಗುಮುರುಗು. 1962ರ ಚೀನಾ ಯುದ್ಧದಲ್ಲಿ ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ರೈಲಿಗೆ ಹತ್ತಿಸಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದರು. ಭಾರತದಲ್ಲೇ ಹುಟ್ಟಿದವರು, ಚಹಾ ತೋಟದ ಊರುಗಳಲ್ಲಿ ಬಡಗಿ ಕೆಲಸವೋ ಅಂಗಡಿಯೋ ಮಾಡಿಕೊಂಡಿದ್ದವರು. ಕದನ ನಿಂತಿದ್ದು ನವೆಂಬರ್ 21ಕ್ಕೆ. ಕೆಲವರು ವರ್ಷಗಟ್ಟಲೆ ಒಳಗಿದ್ದರು. ಸರ್ಕಾರ ಇವತ್ತಿಗೂ ಕ್ಷಮೆ ಕೇಳಿಲ್ಲ. ಶಾಲೆಯಲ್ಲಿ ನಾನು ಇದನ್ನು ಓದಲೇ ಇಲ್ಲ. ಹಾಗೆ ನೋಡಿದರೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಂಗಳೂರಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಜರ್ಮನ್ನರನ್ನು ಬಂಧನದಲ್ಲಿಟ್ಟು, ಹೆಂಚಿನ ಕಾರ್ಖಾನೆಗಳನ್ನು ಕೈಬದಲಾಯಿಸಿದ್ದೂ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆ 1962ರ ಎಮರ್ಜೆನ್ಸಿ ಮುಗಿದಿದ್ದು 1968ರ ಜನವರಿಯಲ್ಲಿ. ನಡುವೆ ಪಾಕಿಸ್ತಾನದ ಜೊತೆ ಯುದ್ಧ ಆಯ್ತು ಅನ್ನಿ, ಅದೂ ಒಂದೂವರೆ ತಿಂಗಳಿನ ಮಾತು. 1971ರ ಯುದ್ಧ 13 ದಿನ ನಡೆಯಿತು, ಅದರ ಹೆಸರಿನ ಎಮರ್ಜೆನ್ಸಿ 1977ರ ಮಾರ್ಚ್‌ವರೆಗೂ ಇತ್ತು. 1975ರದ್ದು ಅದರ ಮೇಲೆ ಇನ್ನೊಂದು. ಅಷ್ಟಾದ ಮೇಲೆ ಭಾರತ ಅಮೆರಿಕ ಮಾಡದ ಕೆಲಸ ಮಾಡಿತು. 1978ರ 44ನೇ ತಿದ್ದುಪಡಿಯಿಂದ, ಆರು ತಿಂಗಳಿಗೊಮ್ಮೆ ಸಂಸತ್ತು ಒಪ್ಪದಿದ್ದರೆ ಎಮರ್ಜೆನ್ಸಿ ತಾನಾಗೇ ಸಾಯುತ್ತದೆ. ಜೀವದ ಹಕ್ಕನ್ನು ಯಾವ ಎಮರ್ಜೆನ್ಸಿಯಲ್ಲೂ ಅಮಾನತು ಮಾಡುವಂತಿಲ್ಲ. ಇದು ನನಗೆ ಕ್ಷಮೆಗಿಂತ, ಚೆಕ್ಕಿಗಿಂತ ದೊಡ್ಡದು.

ಆದರೆ ಅದು ಜೈಲಿಗೆ ಹೋಗಿ ಬಂದ ರಾಜಕಾರಣಿಗಳು ತಮ್ಮ ಅನುಭವದಿಂದ ಮಾಡಿದ ರಿಪೇರಿ. ದೇವಲಿಗೆ ಹೋದವರ ಪರ ಯಾರೂ ಸಂಸತ್ತಿನಲ್ಲಿ ಇರಲಿಲ್ಲ. ಹಾಗಾಗಿ ಸಂವಿಧಾನದ 22(3)ನೇ ವಿಧಿ ಹಾಗೇ ಉಳಿಯಿತು. ಶತ್ರುದೇಶದ ಪ್ರಜೆಯನ್ನು ಹಿಡಿದರೆ ಯಾಕೆ ಅಂತ ಹೇಳಬೇಕಿಲ್ಲ, ವಕೀಲ ಬೇಕಿಲ್ಲ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕಿಲ್ಲ. ಶತ್ರುದೇಶಕ್ಕೆ ಹೋದವರ ಆಸ್ತಿಯನ್ನು ಸರ್ಕಾರ ತನ್ನ ವಶದಲ್ಲಿಟ್ಟುಕೊಳ್ಳುವ 1968ರ ಶತ್ರು ಆಸ್ತಿ ಕಾಯ್ದೆಯೂ ಉಳಿದಿದೆ. 2017ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ, ವಾರಸುದಾರ ಭಾರತದ ಪ್ರಜೆಯಾಗಿದ್ದರೂ ಹಕ್ಕಿಲ್ಲ ಅಂದರು.

"ಯುದ್ಧದ ಮಧ್ಯೆ ಒಬ್ಬೊಬ್ಬರದ್ದೂ ವಿಚಾರಣೆ ಮಾಡ್ತಾ ಕೂರೋಕಾಗುತ್ತಾ?" ಅಂತ ಕೇಳುತ್ತಾರೆ. ಆಗುತ್ತೆ. 1939ರಲ್ಲಿ ಬ್ರಿಟನ್ ಮಾಡಿ ತೋರಿಸಿದೆ. ಊರೂರಲ್ಲಿ ಮಂಡಳಿ ಕೂರಿಸಿ, ಕೆಲವೇ ತಿಂಗಳಲ್ಲಿ ಸುಮಾರು 70,000 ಜರ್ಮನ್, ಆಸ್ಟ್ರಿಯನ್ನರನ್ನು ಒಬ್ಬೊಬ್ಬರಾಗಿ ಕೇಳಿದರು. ಬಂಧಿಸಲೇಬೇಕು ಅಂತ ತೀರ್ಮಾನವಾಗಿದ್ದು 600ಕ್ಕೂ ಕಡಿಮೆ ಜನರ ಬಗ್ಗೆ. ಮಿಕ್ಕವರಲ್ಲಿ ಬಹುಪಾಲು ಹಿಟ್ಲರ್‌ನಿಂದ ಓಡಿಬಂದ ಯಹೂದಿಗಳು. ಮುಂದಿನ ಬೇಸಿಗೆಯಲ್ಲಿ ಗಾಬರಿ ಬಿದ್ದು ಅವರಲ್ಲಿ ಸಾವಿರಾರು ಜನರನ್ನೂ ಒಳಗೆ ಹಾಕಿದರು, ಮರುವರ್ಷ ಹೆಚ್ಚಿನವರನ್ನು ಬಿಟ್ಟರು. ಮೊದಲಿನ ವಿಚಾರಣೆಯೇ ಸರಿಯಿತ್ತು ಅಂತಾಯ್ತು, ಅಲ್ವಾ? 22(3)ಕ್ಕೆ ಅಷ್ಟನ್ನು ಸೇರಿಸಲಿ: ಶತ್ರುದೇಶದವನಿಗೂ ಒಂದು ವಿಚಾರಣೆ, ಒಬ್ಬ ವಕೀಲ. 1798ರ ಕಾಯ್ದೆ ತೇಪೆ ಹಾಕಿದರೆ ನಿಲ್ಲುವಂಥದ್ದಲ್ಲ, ಅದನ್ನು ರದ್ದೇ ಮಾಡಬೇಕು.