ಆರು ತಿಂಗಳಲ್ಲಿ ಗ್ರಾಫಿಕ್ಸ್ ಬ್ರಹ್ಮ

ಬ್ರಹ್ಮನ ಸೃಷ್ಟಿಕಾರ್ಯ ಇನ್ನೂ ಮುಗಿದಿಲ್ಲ. ಪುಟ್ಟ ಕೆರಿಯರ್ ಕಾಲೇಜಿನಲ್ಲಿ ಮಾತ್ರ ಅದು 3ಡಿ ಗ್ರಾಫಿಕ್ಸ್ ಎಂಬ ಆರು ತಿಂಗಳ ಕೋರ್ಸು, ಕೊನೆಗೊಂದು ಸರ್ಟಿಫಿಕೇಟು. 'ಗಣಿತ ಬೇಕಿಲ್ಲ' ಎಂದು ಬ್ರೋಷರ್‌ನಲ್ಲೇ ಅಭಯಹಸ್ತ. ವಸ್ತುವನ್ನು ಸರಿಸುವುದು, ತಿರುಗಿಸುವುದು, ಹಿಗ್ಗಿಸುವುದು ಮೂರನ್ನೂ 4×4 ಮ್ಯಾಟ್ರಿಕ್ಸ್ ಎಂಬ ಒಂದೇ ಅಂಕಿಗಳ ಚೌಕ ಹೊತ್ತಿರುತ್ತದೆ ಎಂಬ ಗುಟ್ಟು ಮಕ್ಕಳ ಕಿವಿಗೆ ಬೀಳಬಾರದು, ಪಾಪ.

ಇಲ್ಲಿ ಕಲಿಸುವುದು ಗುಂಡಿಗಳನ್ನು. ಇಲ್ಲಿ ಒತ್ತಿ, ಅಲ್ಲಿ ಎಳೀರಿ, ಓಕೆ ಅನ್ನಿ. ಯಾಕೆ ಸಾರ್ ಎಂದರೆ, 'ಅದು ಹಾಗೇ ಕಣಯ್ಯಾ.' ಆ ಗುಂಡಿಗಳಾದರೂ ಇದ್ದಲ್ಲೇ ಇರುತ್ತವೆಯೇ? 2019ರ ಜುಲೈನಲ್ಲಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನ 2.80 ಆವೃತ್ತಿ ಬಂದಾಗ, ವಸ್ತುವನ್ನು ಆರಿಸುವ ಕ್ಲಿಕ್ಕು ಮೌಸಿನ ಬಲದಿಂದ ಎಡಕ್ಕೆ ದಾಟಿತು. ಜೆರಾಕ್ಸಿನ ಜೆರಾಕ್ಸಾದ ನೋಟ್ಸು ಮಾತ್ರ ಇನ್ನೂ ಬಲಗಡೆಯೇ ಕೂತಿದೆ.

ಮಾಡೆಲ್ ಮೇಲೆ ಕಪ್ಪು ಕಲೆ ಬಂತೆನ್ನಿ. ಹೆಚ್ಚಾಗಿ ಅಲ್ಲಿ ಮೇಲ್ಮೈಯ ಮುಖ ಯಾವ ಕಡೆಗೆಂದು ತೋರಿಸುವ ಬಾಣಗಳಾದ ನಾರ್ಮಲ್‌ಗಳು ಒಳಮುಖವಾಗಿ ತಿರುಗಿರುತ್ತವೆ. ಎಡಿಟ್ ಮೋಡಿನಲ್ಲಿ ಎಲ್ಲವನ್ನೂ ಆರಿಸಿ ಶಿಫ್ಟ್ ಮತ್ತು ಎನ್ ಒತ್ತಿದರೆ ಹೊರಕ್ಕೆ ತಿರುಗುತ್ತವೆ. ಕಾಲೇಜಿನ ಮದ್ದು ಬೇರೆ: 'ಇನ್ನೆರಡು ಲೈಟ್ ಹಾಕು.' ಬೆಳಕು ಹೆಚ್ಚಿ ಗೋಡೆ ಸುಣ್ಣದಂತೆ ಬೆಳ್ಳಗಾಗುತ್ತದೆ, ಕಲೆ ಹಾಗೇ ಉಳಿಯುತ್ತದೆ.

ನಿಜವಾದ ತಮಾಷೆ ಫೈನಲ್ ಪ್ರಾಜೆಕ್ಟಿನಲ್ಲಿ. ಹತ್ತು ಸೆಕೆಂಡಿನ ಅನಿಮೇಷನ್. ಸೆಕೆಂಡಿಗೆ 24ರಂತೆ 240 ಫ್ರೇಮು, ಅಂದರೆ ಬಿಡಿಚಿತ್ರ. ಕಂಪ್ಯೂಟರು ಒಂದು ಫ್ರೇಮು ಬಿಡಿಸಲು ಎರಡೂವರೆ ನಿಮಿಷ ಎಂದರೂ ಹತ್ತು ಗಂಟೆ. ಚಿತ್ರ ರವೆ ಚೆಲ್ಲಿದಂತೆ ಕಾಣುತ್ತಿದೆ ಎಂದರೆ ಮೇಷ್ಟ್ರು ಪಿಕ್ಸೆಲ್ಲಿಗೆ ಹಾಯಿಸುವ ಕಿರಣಗಳ ಲೆಕ್ಕ, ಅಂದರೆ ಸ್ಯಾಂಪಲ್, 256 ಇದ್ದದ್ದನ್ನು 1024 ಮಾಡಿಸುತ್ತಾರೆ. ಸಮಯ ನಾಲ್ಕು ಪಟ್ಟು, ರವೆ ಅರ್ಧ ಮಾತ್ರ ಕಡಿಮೆ: ಕಿರಣಗಳ ಹಾದಿ ಹಿಡಿದು ಚಿತ್ರ ಬಿಡಿಸುವ ಪಾತ್ ಟ್ರೇಸಿಂಗಿನ ಲೆಕ್ಕವೇ ಹಾಗೆ, ಆದರೆ ಗಣಿತ ಬೇಕಿಲ್ಲವಲ್ಲ. ಈಗ ನಲವತ್ತು ಗಂಟೆ. ಸಬ್ಮಿಷನ್ನು ನಾಳೆ. ರವೆ ಅಳಿಸುವ ಡಿನಾಯ್ಸರ್ ಎಂಬ ಟಿಕ್ ಗುರುತು ಅದೇ ಪರದೆಯ ಮೇಲೆ, ಎರಡು ಬೆರಳು ಕೆಳಗೆ, ಯಾರೂ ಮುಟ್ಟದೆ ಬಿದ್ದಿರುತ್ತದೆ.

ಸಂಜೆ ಐದಕ್ಕೆ ವಾಚ್‌ಮನ್ ಬಂದು ಮೇನ್ ಸ್ವಿಚ್ಚು ಇಳಿಸುತ್ತಾನೆ. ಅವನ ತಪ್ಪಿಲ್ಲ, ಅವನ ನೋಟ್ಸಿನಲ್ಲಿ ಹಾಗೇ ಬರೆದಿದೆ. ಔಟ್‌ಪುಟ್ಟು ಪಿಎನ್‌ಜಿ ಫ್ರೇಮುಗಳಾಗಿದ್ದರೆ ಮುಗಿದ 47 ಉಳಿದು, ಬೆಳಿಗ್ಗೆ 48ರಿಂದ ಶುರು ಮಾಡಬಹುದಿತ್ತು. ನೇರ ಎಂಪಿ4 ವಿಡಿಯೊ ಕೊಟ್ಟವನಿಗೆ ಆ ಭಾಗ್ಯವಿಲ್ಲ. ಆ ಫೈಲಿನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುವುದರಿಂದ ಅರ್ಧಕ್ಕೆ ನಿಂತದ್ದು ತೆರೆಯುವುದೇ ಇಲ್ಲ. ಮರುದಿನ ಲ್ಯಾಬಿಗೆ ಯುಪಿಎಸ್ ತರಿಸುವ ಬಗ್ಗೆ ಮೀಟಿಂಗು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು.

ಇನ್ನೊಬ್ಬನ ಸೋಫಾ, ಪರದೆ, ಗೋಡೆ ಎಲ್ಲವೂ ಅಚ್ಚ ಗುಲಾಬಿ. ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್ಚರ್‌ಗಳನ್ನು ಫೈಲಿನೊಳಗೆ ಪ್ಯಾಕ್ ಮಾಡದೆ ಮನೆಯ ಕಂಪ್ಯೂಟರಿನಲ್ಲೇ ಬಿಟ್ಟು ಬಂದರೆ ಬ್ಲೆಂಡರ್ ಹೀಗೇ ಬಣ್ಣ ಬಳಿದು ದೂರುತ್ತದೆ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, 'ಬಣ್ಣದ ಆಯ್ಕೆ ದಿಟ್ಟವಾಗಿದೆ' ಎಂದು ಬರೆದು ಮೊದಲ ರ‍್ಯಾಂಕ್ ಕೊಟ್ಟರು.

ಸಮಾರಂಭದಲ್ಲಿ ಅವನಿಗೆ ಸರ್ಟಿಫಿಕೇಟು. ಮೇಲ್ಗಡೆ ಎರಡು ಇಂಚಿನ ಲಾಂಛನ. ಇಂಚಿಗೆ 300 ಚುಕ್ಕಿಯ (300 ಡಿಪಿಐ) ಮುದ್ರಣಕ್ಕೆ 600 ಪಿಕ್ಸೆಲ್ ಬೇಕಾಗಿದ್ದಲ್ಲಿ, ವೆಬ್‌ಸೈಟಿನಿಂದ ಎತ್ತಿಕೊಂಡ 100 ಪಿಕ್ಸೆಲ್ಲಿನ ಜೆಪಿಜಿಯನ್ನು ಎಳೆದು ಕೂರಿಸಿದ್ದಾರೆ. ಸರಸ್ವತಿಯ ವೀಣೆ ಮೆಟ್ಟಿಲಿನಂತಾಗಿದೆ. ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯ ಹೊಳೆವ ನೀಲಿ ಶಾಯಿಗಿಳಿದು ಮಂಕು ನೇರಳೆ. ಅದರಡಿ ದಪ್ಪ ಅಕ್ಷರದಲ್ಲಿ: 'ಗ್ರಾಫಿಕ್ಸ್ ಪರಿಣತ'.