ಕೆಂಪ್ ಗೆದ್ದಿದ್ದು ಬರೀ ಆಟದ ಹೆಸರಿನಿಂದಲ್ಲ

ಅಮೆರಿಕದ ರಾಜಕಾರಣಿ ಜ್ಯಾಕ್ ಕೆಂಪ್ ಅಮೆರಿಕನ್ ಫುಟ್‌ಬಾಲ್ ಆಟದ ಖ್ಯಾತಿಯಿಂದಲೇ ರಾಜಕೀಯದಲ್ಲಿ ಉಳಿದರು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. 1970ರಲ್ಲಿ ಬಫಲೋ ಕಡೆಯಿಂದ ಅಮೆರಿಕದ ಸಂಸತ್ತಿನ ಕೆಳಮನೆಗೆ ಆಯ್ಕೆಯಾದ ಮೊದಲ ಗೆಲುವಿಗೆ ಬೇಕಾದರೆ ಈ ಮಾತು ಒಪ್ಪುತ್ತೇನೆ. ಬಫಲೋ ಬಿಲ್ಸ್ ತಂಡಕ್ಕೆ 1964, 1965ರಲ್ಲಿ ಸಾಲಾಗಿ ಎರಡು ಎಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಪ್ರಶಸ್ತಿ ತಂದುಕೊಟ್ಟ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ತಂಡದ ದಾಳಿ ನಡೆಸುವ ಆಟಗಾರ, ಅವರು. ಆ ಊರಿನ ಜನ ಸುಮ್ನೆ ಮರೆಯುತ್ತಾರಾ? ಆದರೆ ಸಂಸತ್ತಿನಲ್ಲಿ ಒಂಬತ್ತು ಅವಧಿ? ಅದೂ ಉಕ್ಕಿನ ಕಾರ್ಖಾನೆಗಳ, ಕಾರ್ಮಿಕ ಸಂಘಗಳ ಸೀಮೆಯಲ್ಲಿ, ಕಾರ್ಮಿಕ ಸಂಘಗಳು ಸಾಮಾನ್ಯವಾಗಿ ಬೆಂಬಲಿಸದ ರಿಪಬ್ಲಿಕನ್ ಪಕ್ಷದಿಂದ!

ಅವರು ಎಎಫ್‌ಎಲ್ ಆಟಗಾರರ ಸಂಘ ಕಟ್ಟಿದವರಲ್ಲಿ ಒಬ್ಬರು, ಅದರ ಅಧ್ಯಕ್ಷರೂ ಆಗಿದ್ದರು. ಈ ವಿಷಯವನ್ನೇ ನೀವು ಬಿಟ್ಟಿದ್ದೀರಿ. ದುಡಿಯುವವರ ಜೊತೆ ಕೂತು ಮಾತಾಡುವುದನ್ನು ಅವರು ಕಲಿತಿದ್ದು ಅಲ್ಲೇ ಅಲ್ವಾ? 1965ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪು ಆಟಗಾರರನ್ನು ಟ್ಯಾಕ್ಸಿಗೆ ಹತ್ತಿಸಲಿಲ್ಲ, ಕ್ಲಬ್ಬುಗಳ ಬಾಗಿಲಲ್ಲೇ ತಡೆದರು. ಆ ಆಟಗಾರರು ಅಲ್ಲಿ ನಡೆಯಬೇಕಿದ್ದ ಆಲ್‌ಸ್ಟಾರ್ ಪಂದ್ಯ (ಲೀಗ್‌ನ ಆಯ್ದ ಆಟಗಾರರ ಪಂದ್ಯ) ಆಡುವುದಿಲ್ಲ ಎಂದಾಗ ಕೆಂಪ್ ಅವರ ಬೆಂಬಲಕ್ಕೆ ನಿಂತರು. ಪಂದ್ಯ ಹ್ಯೂಸ್ಟನ್‌ಗೆ ಹೋಯಿತು.

ತೆರಿಗೆ ವಿಷಯದಲ್ಲಿ ಮಾತ್ರ ಕೆಂಪ್ ನಿಲುವನ್ನು ನಾನು ಒಪ್ಪುವುದಿಲ್ಲ. ಅವರು ಸೆನೆಟರ್ ವಿಲಿಯಂ ರಾತ್ ಜೊತೆ ತಂದ ಕೆಂಪ್-ರಾತ್ ತೆರಿಗೆ ಕಡಿತ ಯೋಜನೆಯೇ ಅಧ್ಯಕ್ಷ ರೇಗನ್ ಅವರ 1981ರ ತೆರಿಗೆ ಕಾಯ್ದೆಗೆ ಬುನಾದಿ. ಮೇಲಿನ ಹಂತದ ಆದಾಯ ತೆರಿಗೆ ಶೇ 70ರಿಂದ ಶೇ 50ಕ್ಕೆ ಇಳಿಯಿತು. ಅದರ ಲಾಭ ಶ್ರೀಮಂತರಿಗೇ ಜಾಸ್ತಿ ಸಿಕ್ಕಿತು, ದೇಶದ ಸಾಲವೂ ಏರಿತು. ಆದರೂ ಕೆಂಪ್ ಅವರ ಹಟ ನನಗೆ ಇಷ್ಟ. 1962ರಲ್ಲಿ ಬೆರಳು ಮುರಿದಾಗ, ಚೆಂಡು ಹಿಡಿಯಲು ಆಗುವ ಹಾಗೆ ಬಾಗಿಸಿಯೇ ಕೂಡಿಸಿ ಎಂದು ಡಾಕ್ಟರಿಗೆ ಹೇಳಿದ ಮನುಷ್ಯ ಅವರು.